ಬಸ್ಸಿನಲ್ಲಿ ಬಂದ ಕಾರಿನ ಗಾಜು

ನಮ್ಮ ಮನೆಗೆ ಮೊದಲ ಸಲ ಬಂದವರು ಕಾಫಿ ಕುಡಿದು ಲೋಟ ಇಡಲು ನನ್ನ ಮೇಜಿನ ಕಡೆ ತಿರುಗುತ್ತಾರೆ. ಅಲ್ಲಿಗೆ ಅವರ ಮಾತು ನಿಲ್ಲುತ್ತದೆ. ಮೇಜಿನ ಒಂದು ತುದಿ ಎಲ್ಲರ ಮನೆಯ ಮೇಜಿನಂತೆ ಎರಡು ಮೂಲೆ ಇಟ್ಟುಕೊಂಡು ನೆಟ್ಟಗಿದೆ. ಇನ್ನೊಂದು ತುದಿ ಅರ್ಧ ರೊಟ್ಟಿಯ ಹಾಗೆ ದುಂಡಗಿದೆ. ಮೇಲೆ ಅದೇ ಆಕಾರದ ಒಂದು ದಪ್ಪನೆಯ ಗಾಜು. ಮೊನ್ನೆ ಮಹಡಿ ಮನೆಗೆ ಬಾಡಿಗೆಗೆ ಬಂದ ಹುಡುಗಿ ಅದರ ಫೋಟೋ ತೆಗೆದುಕೊಂಡು, "ಎಷ್ಟು ಮಾಡರ್ನ್ ಆಗಿದೆ ಆಂಟಿ! ಯಾರು ಡಿಸೈನ್ ಮಾಡಿದ್ದು?" ಎಂದು ಕೇಳಿದಳು.

"ರೇಷ್ಮೆ ಹುಳ" ಎಂದೆ. ಅವಳು ನಕ್ಕಳು. ವಯಸ್ಸಾದವರು ಏನು ಹೇಳಿದರೂ ನಗುವ ಒಳ್ಳೆಯ ಹುಡುಗಿ.

ಅವಳ ಗಂಡನ ಕಾರಿನ ಮುಂದಿನ ಗಾಜು ಹೋದ ವಾರ ಒಡೆಯಿತು. ಅವನು ಫೋನು ಮಾಡಿದ. ಇಬ್ಬರು ಬಂದರು, ಹಳೆಯದನ್ನು ಕಿತ್ತರು, ಹೊಸದನ್ನು ಕೂರಿಸಿದರು, ನನ್ನ ಅನ್ನ ಬೇಯುವಷ್ಟರಲ್ಲಿ ಹೊರಟೂ ಹೋದರು. ಇಷ್ಟಕ್ಕೂ ಅವನು, "ಏನು ಲೇಟು ಮಾಡ್ತಾರೆ ಆಂಟಿ ಇವರು" ಎಂದು ನನ್ನ ಹತ್ತಿರ ದೂರು ಹೇಳಿದ. ನಾನು ಅವನನ್ನು ಕನಿಕರದಿಂದ ನೋಡಿದೆ. ಗಾಜು ಒಡೆಯಿತು, ಗಾಜು ಬಂತು. ನಡುವೆ ಏನೂ ಆಗಲಿಲ್ಲ. ಒಂದು ಮನೆಯ ಕಾರಿನ ಗಾಜು ಒಡೆದರೆ ಎಷ್ಟೆಲ್ಲ ಆಗಬೇಕು ಎನ್ನುವುದು ಈಗಿನವರಿಗೆ ಗೊತ್ತೇ ಇಲ್ಲ. ಗೊತ್ತಿದ್ದವರು ನಮ್ಮ ದೊಡ್ಡಪ್ಪ.

ದೊಡ್ಡಪ್ಪ ದಿಬ್ಬೂರಹಳ್ಳಿಯ ಗೌಡರು. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿಬಿಟ್ಟಿದ್ದರಿಂದ ನಾನೂ ಅಮ್ಮನೂ ಅವರ ಮನೆಯಲ್ಲೇ ಇದ್ದೆವು. ಅವರಿಗೆ ಮಕ್ಕಳಿರಲಿಲ್ಲ. ಹೊಲ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ಸಾಕುವ ಮನೆ ಎಲ್ಲ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವರ ಮಾತು ಇತ್ತು. ಅವರು ಹೇಳಿದ್ದು ತಪ್ಪು ಎಂದು ಯಾರೂ ಯಾವತ್ತೂ ಹೇಳದ ಕಾರಣ, ತಪ್ಪು ಎನ್ನುವುದು ಬೇರೆಯವರ ಮನೆಯಲ್ಲಿ ಆಗುವ ಸಂಗತಿ ಎಂದು ಅವರು ನಂಬಿದ್ದರು. ನಮ್ಮ ಅಮ್ಮ ಅವರೆದುರು ಮಾತೇ ಆಡುತ್ತಿರಲಿಲ್ಲ. ದೊಡ್ಡಮ್ಮ ಆಡುತ್ತಿದ್ದರು, ಆದರೆ ಹುಳದ ಜೊತೆ.

ಕಾರು ಬಂದದ್ದು ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ. ಬೆಂಗಳೂರಿನ ದಂಡಿನಲ್ಲಿದ್ದ ಯಾವನೋ ಬಿಳಿ ದೊರೆ ಊರಿಗೆ ಹೊರಡುವಾಗ ಬಿಟ್ಟು ಹೋದದ್ದಂತೆ. ಅವನಿಂದ ಒಬ್ಬ ಡಾಕ್ಟರಿಗೆ, ಡಾಕ್ಟರಿಂದ ಒಬ್ಬ ಕಂಟ್ರಾಕ್ಟರಿಗೆ ಹೋಗಿ, ಕಂಟ್ರಾಕ್ಟರಿಗೂ ಬೇಸರ ಬಂದ ಮೇಲೆ ದೊಡ್ಡಪ್ಪನ ಪಾಲಿಗೆ ಒದಗಿತು. ನನಗಿಂತ ವಯಸ್ಸಿನಲ್ಲಿ ದೊಡ್ಡದು. ಅದರ ಬಣ್ಣ ಕಪ್ಪೋ ಹಸಿರೋ ಎನ್ನುವುದು ನಮ್ಮ ಊರಿನಲ್ಲಿ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ದೊಡ್ಡಪ್ಪ ಸ್ಟಿಯರಿಂಗನ್ನು ನೇಗಿಲಿನ ಮೇಳಿ ಹಿಡಿದಂತೆ ಹಿಡಿದು ಓಡಿಸುತ್ತಿದ್ದರು. ಮುಂದಕ್ಕೆ ಮಾತ್ರ. ಹಿಂದಕ್ಕೆ ಹೋಗುವುದು ಅವರ ಜಾಯಮಾನಕ್ಕೆ ಒಗ್ಗದ ವಿಷಯ. ಹಾಗಾಗಿ ಕಾರು ತಿರುಗಿಸಬೇಕಾದರೆ ಕೆರೆ ಏರಿಯ ಮೇಲೆ ಹೋಗಿ ಇಡೀ ಊರು ಸುತ್ತಿಕೊಂಡು ಮನೆ ಮುಂದಕ್ಕೆ ಬರುತ್ತಿದ್ದರು. ಊರಿನವರು ಇದನ್ನು ಮೆರವಣಿಗೆ ಎಂದುಕೊಂಡಿದ್ದರು. ದೊಡ್ಡಪ್ಪನೂ ಹಾಗೇ ಎಂದುಕೊಂಡಿದ್ದರು ಎನ್ನಿ.

ಶಿಡ್ಲಘಟ್ಟಕ್ಕೆ ಹೋಗುವಾಗ ಬಸ್ಸು ನಮ್ಮ ಕಾರನ್ನು ಹಿಂದೆ ಹಾಕಿ ಮುಂದೆ ಹೋಗುತ್ತಿತ್ತು. ಬಸ್ಸಿನಲ್ಲಿದ್ದವರು ಕಿಟಕಿಯಿಂದ ಕೈ ಮುಗಿಯುತ್ತಿದ್ದರು. ದೊಡ್ಡಪ್ಪ ಹಾರನ್ ಒತ್ತಿ ಉತ್ತರ ಕೊಡುತ್ತಿದ್ದರು. ಆ ಕಾರಿನಲ್ಲಿ ಒಂದು ದಿನವೂ ಕೈಕೊಡದೆ ಕೆಲಸ ಮಾಡಿದ್ದು ಆ ಹಾರನ್ ಒಂದೇ.

ಇನ್ನು ಗಾಜು ಒಡೆದ ಕತೆ. ಪ್ರತಿ ಅಮಾವಾಸ್ಯೆಗೆ ಕಾರಿಗೆ ದೃಷ್ಟಿ ತೆಗೆಯುವುದು ನಮ್ಮ ಮನೆಯ ಪದ್ಧತಿ. ನನ್ನನ್ನು ಕೇಳಿದರೆ ಆ ಕಾರಿನ ಮೇಲೆ ಕಣ್ಣು ಹಾಕುವಷ್ಟು ಬಡವರು ನಮ್ಮ ಸೀಮೆಯಲ್ಲೇ ಇರಲಿಲ್ಲ. ಆದರೂ ಚಕ್ರಕ್ಕೆ ನಿಂಬೆಹಣ್ಣು, ಮುಂದೆ ಕರ್ಪೂರ, ಆಮೇಲೆ ತೆಂಗಿನಕಾಯಿ ನಿವಾಳಿಸಿ ಕಲ್ಲಿಗೆ ಒಡೆಯುವುದು. ಆ ಅಮಾವಾಸ್ಯೆಗೆ ಮುಂಚೆ ಯಾರೋ ಸಂತೆಯಲ್ಲಿ, "ಏನು ಗೌಡ್ರೆ, ಕಾರು ಇನ್ನೂ ಓಡ್ತಾ ಐತಾ!" ಎಂದು ಆಶ್ಚರ್ಯಪಟ್ಟಿದ್ದನಂತೆ. ದೃಷ್ಟಿ ಬಲವಾಗಿದೆ ಎಂದು ದೊಡ್ಡಪ್ಪನಿಗೆ ಅನಿಸಿತು. ಬಲವಾದ ದೃಷ್ಟಿಗೆ ಬಲವಾಗಿಯೇ ಒಡೆಯಬೇಕಲ್ಲ? ಕಾಯಿಯನ್ನು ತಲೆಯ ಮೇಲಕ್ಕೆ ಎತ್ತಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಕಲ್ಲಿಗೆ ಅಪ್ಪಳಿಸಿದರು. ಒಂದು ಹೋಳು ಅಲ್ಲೇ ಬಿತ್ತು. ಇನ್ನೊಂದು ಹೋಳು ಎಗರಿ ನೇರವಾಗಿ ಕಾರಿನ ಮುಖಕ್ಕೆ ಹೋಗಿ ಬಡಿಯಿತು. ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟು, ನಾವು ನೋಡುತ್ತಿದ್ದಂತೆ ಅರ್ಧಕ್ಕೆ ಅರ್ಧ ಸೀಟಿನ ಮೇಲೆ ಸುರಿಯಿತು.

ದೊಡ್ಡಪ್ಪ ಪಂಚೆ ಸರಿ ಮಾಡಿಕೊಂಡು, "ನೋಡಿದ್ರಾ, ಎಂಥಾ ದೃಷ್ಟಿ ಇತ್ತು! ಸದ್ಯ, ಗಾಜಿಗೆ ಹೋಯ್ತು" ಎಂದರು.

ನೀವೇ ಹೇಳಿ, ಇಂಥವರ ಜೊತೆ ವಾದ ಮಾಡುವುದು ಹೇಗೆ?

ಒಡೆದರೆ ಒಡೆಯಲಿ, ಕೋಳಿಗಳಿಗೆ ಒಳಗೆ ಹೋಗಿ ಮೊಟ್ಟೆ ಇಡಲು ದಾರಿಯಾಯಿತು ಎಂದು ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಆ ಬೇಸಗೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದೆ. ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣು. ಚಿಕ್ಕಬಳ್ಳಾಪುರದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತ್ತು, ಉಳಿದುಕೊಳ್ಳಲು ಅಲ್ಲಿ ದೂರದ ಸಂಬಂಧದ ಅತ್ತೆಯೊಬ್ಬರ ಮನೆ ಇತ್ತು. ಮುಂದಿನ ತಿಂಗಳ ಮೊದಲ ಸೋಮವಾರ ಹೋಗಿ ಸೇರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ದೊಡ್ಡಪ್ಪ ಬೇಡ ಎನ್ನಲಿಲ್ಲ. ಅಷ್ಟರ ಮಟ್ಟಿಗೆ ದೊಡ್ಡ ಮನಸ್ಸು. ಆದರೆ ಒಂದು ಮಾತು ಹೇಳಿದರು.

"ನಮ್ಮನೆ ಹೆಣ್ಮಗು ಬಸ್ಸಲ್ಲಿ ಹೋಗೋದಾ? ನಾಳೆ ಊರೋರು ಏನಂತಾರೆ? ಕಾರಿಗೆ ಗಾಜು ಹಾಕಿಸ್ತೀನಿ, ಕಾರಲ್ಲಿ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ. ಗಾಜು ಬರಲಿ ಕಣಮ್ಮ ಸರೋಜ."

ಬಸ್ಸು ನಮ್ಮ ಮನೆಯ ಮುಂದೆಯೇ ಹೋಗುತ್ತಿತ್ತು. ಜಗುಲಿಯ ಮೇಲೆ ಕೂತು ಕೈ ಎತ್ತಿದರೆ ನಿಲ್ಲುತ್ತಿತ್ತು. ನಾನು ಟ್ರಂಕಿಗೆ ಸೀರೆ ತುಂಬಿಟ್ಟುಕೊಂಡು, ದಿನವೂ ಬಸ್ಸು ಹೋಗುವುದನ್ನು ನೋಡುತ್ತಾ, ಒಂದು ಗಾಜಿಗಾಗಿ ಕಾಯುತ್ತಾ ಕೂತೆ.

ಗಾಜು ಹುಡುಕುವುದು ಶುರುವಾದ ಮೇಲೆ ನಮ್ಮ ಜಗುಲಿಯಲ್ಲಿ ಸಲಹೆಗಾರರಿಗೆ ಬರಗಾಲವಿರಲಿಲ್ಲ. ತಗಡು ಹೊಡೆಸಿ ನಡುವೆ ಒಂದು ಕಿಂಡಿ ಬಿಡಿ ಎಂದ ಒಬ್ಬ. ದಪ್ಪ ಪರದೆ ಕಟ್ಟಿಕೊಂಡು, ಎದುರಿಗೆ ಯಾರಾದರೂ ಬಂದಾಗ ಸರಿಸಿ ನೋಡಿ ಎಂದ ಇನ್ನೊಬ್ಬ. ಬಾಗೇಪಲ್ಲಿ ಕಡೆಯ ನೆಂಟರೊಬ್ಬರು ಎಲೆ ಅಡಿಕೆ ಜಗಿಯುತ್ತಾ, "ಅದ್ದಂ ಎಂದುಕಪ್ಪಾ, ಗಾಲಿ ಬಾಗಾ ವಸ್ತುಂದಿ ಕದಾ" ಎಂದರು. ಗಾಜು ಯಾಕಪ್ಪಾ, ಗಾಳಿ ಚೆನ್ನಾಗಿ ಬರುತ್ತದಲ್ಲ ಎಂದು. ಬಂದ ಸಲಹೆಗಳಲ್ಲಿ ಬುದ್ಧಿ ಇದ್ದದ್ದು ಅದೊಂದಕ್ಕೇ ಎಂದು ಈಗಲೂ ನನ್ನ ಅಭಿಪ್ರಾಯ. ಬೆಂಗಳೂರಿಗೆ ಹೋದವರ ಕೈಲಿ ವಿಚಾರಿಸಿದ್ದಕ್ಕೆ, ಆ ಕಾರು ಮಾಡುವುದನ್ನೇ ನಿಲ್ಲಿಸಿ ಕಾಲವಾಯಿತು, ಅದರ ಗಾಜು ಎಲ್ಲೂ ಸಿಗುವುದಿಲ್ಲ ಎಂಬ ಉತ್ತರ ಬಂತು. ದೊಡ್ಡಪ್ಪ ಇದನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿದರು. ಎಲ್ಲೂ ಸಿಗದ ವಸ್ತು ನಮ್ಮ ಮನೆಯಲ್ಲಿ ಇಲ್ಲ ಎನ್ನುವುದೂ ಒಂದು ಹೆಮ್ಮೆ.

ಗೌರಿಬಿದನೂರಿನಲ್ಲಿ ಬೆಲ್ಲದ ಮಂಡಿಯವರ ಹಿತ್ತಲಲ್ಲಿ ಅಂಥದೇ ಕಾರು ಹುಣಸೆ ಮರದ ಕೆಳಗೆ ನಿಂತಿದೆ ಎಂದು ಯಾರೋ ಹೇಳಿದರು. ದೊಡ್ಡಪ್ಪ ಅಲ್ಲಿಗೂ ಹೋಗಿಬಂದರು. ಗಾಜು ಸಿಕ್ಕಿತು, ತಂದರು. ಆದರೆ ಅಂಥದೇ ಕಾರಿಗೂ ಅದೇ ಕಾರಿಗೂ ನಡುವೆ ಒಂದು ಗೇಣು ವ್ಯತ್ಯಾಸ. ಉದ್ದವಾಯಿತು. ದೊಡ್ಡಮ್ಮ ಅದನ್ನು ತೆಗೆದುಕೊಂಡು ಹೋಗಿ ಒಣಗಲು ಹಾಕಿದ್ದ ಸಂಡಿಗೆಗೆ ಕಾಗೆ ಬಾರದಂತೆ ಮುಚ್ಚಿದರು.

ಆ ಪ್ರಯಾಣ ಅಷ್ಟಕ್ಕೇ ಮುಗಿಯಲಿಲ್ಲ. ಮಂಡಿಯವರಿಗೆ ಒಬ್ಬ ಮಗ ಇದ್ದ. "ಒಳ್ಳೇ ಜನ ಕಣೇ," ಎಂದು ದೊಡ್ಡಪ್ಪ ಊಟಕ್ಕೆ ಕೂತಾಗ ದೊಡ್ಡಮ್ಮನಿಗೆ ಹೇಳುತ್ತಿದ್ದರು. "ಅವ್ರದ್ದೂ ನಮ್ಮಂಗೇ ಕಾರು. ಹುಡುಗ ಮಂಡೀಲಿ ಕೂರ್ತಾನೆ. ಇವಳು ಟ್ರೈನಿಂಗಿಗೆ ಹೋಗೋದು ಆಗ್ಲಿಲ್ಲ ಅಂದ್ರೆ ಈ ಶ್ರಾವಣದಲ್ಲೇ ಮಾಡಿ ಮುಗಿಸ್ಬಿಡಾಣ ಅಂದಿದ್ದೀನಿ."

ಗಾಜು ಹುಡುಕಲು ಹೋದ ಮನುಷ್ಯ ಗಂಡು ಹುಡುಕಿಕೊಂಡು ಬಂದಿದ್ದರು. ಎರಡೂ ಅಳತೆ ನೋಡದೆ ತಂದದ್ದೇ. ನನ್ನ ಬದುಕು ಅಂದಿನಿಂದ ಬಹಳ ಸರಳವಾಯಿತು. ಸೋಮವಾರದೊಳಗೆ ಗಾಜು ಬಂದರೆ ನಾನು ಟೀಚರು, ಬರದಿದ್ದರೆ ಬೆಲ್ಲದ ಮಂಡಿ. ಆ ಹುಡುಗನ ಮೇಲೆ ನನಗೇನೂ ದ್ವೇಷವಿರಲಿಲ್ಲ, ನಾನು ಅವನನ್ನು ನೋಡಿಯೇ ಇರಲಿಲ್ಲ. ಆದರೆ ಎರಡು ಮನೆಯಲ್ಲೂ ಒಂದೇ ಥರದ ಕೆಟ್ಟ ಕಾರು ಇದೆ ಎನ್ನುವುದಕ್ಕೆ ಮದುವೆಯಾಗುವುದು ನನಗೆ ಅವಮಾನ ಎನಿಸಿತು. ರಾತ್ರಿ ಮುಸುಕು ಹಾಕಿಕೊಂಡು ಅತ್ತೆ. ಬೆಳಿಗ್ಗೆ ಎದ್ದು ಮತ್ತೆ ಬಸ್ಸು ನೋಡುತ್ತಾ ಕೂತೆ.

ಕೊನೆಗೆ ಚಿಂತಾಮಣಿಯ ಬಾಷಾ ಸಾಹೇಬರ ಅಂಗಡಿಯಿಂದ ಸಮಾಚಾರ ಬಂತು. ಅವರದು ಗಾಜಿನ ವ್ಯಾಪಾರ. ದೇವರ ಪಟಕ್ಕೆ ಕಟ್ಟು ಹಾಕುವುದು, ಬೀರುವಿಗೆ ಕನ್ನಡಿ ಕೂರಿಸುವುದು, ಎಲ್ಲವನ್ನೂ ಮಾಡುತ್ತಿದ್ದರು. ಹಳೆಯ ಕಾರಿನದು ಚಪ್ಪಟೆ ಗಾಜು, ಕಾಗದದಲ್ಲಿ ಸರಿಯಾಗಿ ಅಳತೆ ಕತ್ತರಿಸಿಕೊಂಡು ಬಂದರೆ ದಪ್ಪ ಗಾಜಿನಲ್ಲಿ ಕೊಯ್ದು ಕೊಡುತ್ತೇನೆ ಎಂದು ಹೇಳಿ ಕಳಿಸಿದ್ದರು. ಇಷ್ಟು ಸುಲಭವಾದ ದಾರಿ ಇದ್ದದ್ದು ದೊಡ್ಡಪ್ಪನಿಗೆ ಸ್ವಲ್ಪ ಬೇಸರ ತಂದಿತು. ಆದ್ದರಿಂದ ಅದನ್ನು ಕಷ್ಟ ಮಾಡಿಕೊಂಡರು. ಅಳತೆ ತೆಗೆಯಲು ಪಂಚಾಂಗ ನೋಡಿಸಿದರು. ನಾನು ಸೇರಬೇಕಾದ ಸೋಮವಾರಕ್ಕೆ ಹನ್ನೊಂದು ದಿನ ಇರುವಾಗ, ಗುರುವಾರ ಬೆಳಿಗ್ಗೆ ಒಳ್ಳೆಯ ಗಳಿಗೆಯಲ್ಲಿ ಒಂದು ದೊಡ್ಡ ದಪ್ಪ ಕಾಗದವನ್ನು ಕಾರಿನ ಮುಖಕ್ಕೆ ಹಿಡಿಸಿ, ಇದ್ದಿಲಿನಲ್ಲಿ ಗೀಟು ಎಳೆದು, ದೊಡ್ಡಮ್ಮನ ಕತ್ತರಿಯಿಂದ ತಾವೇ ಕತ್ತರಿಸಿದರು. ನ್ಯಾಯವಾಗಿ ಹೇಳುತ್ತೇನೆ, ಅಳತೆ ಸರಿಯಾಗಿತ್ತು. ಕತ್ತರಿಸಿದ್ದನ್ನು ನಡುಮನೆಯ ಗೂಟಕ್ಕೆ ಸಿಕ್ಕಿಸಿ, ಅಷ್ಟಕ್ಕೇ ಸುಸ್ತಾಗಿ, ಮಲಗಿದರು.

ಎದ್ದು ನೋಡಿದರೆ ಕಾಗದ ಇಲ್ಲ.

ಈಗ ನಮ್ಮ ಕಡೆಯ ಒಂದು ವಿಷಯ ನಿಮಗೆ ಹೇಳಬೇಕು. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳದ ಮರಿ ಕಣ್ಣಿಗೆ ಕಾಣದಷ್ಟು ಚಿಕ್ಕದು, ಇರುವೆಗಿಂತ ಸಣ್ಣದು. ಬಿದಿರಿನ ದೊಡ್ಡ ದುಂಡು ತಟ್ಟೆಯಲ್ಲಿ ಕಾಗದ ಹಾಸಿ, ಅದರ ಮೇಲೆ ಮರಿಗಳನ್ನು ಬಿಟ್ಟು, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕುತ್ತಾರೆ. ಅವತ್ತು ದೊಡ್ಡಮ್ಮನ ಹುಳ ಮೊಟ್ಟೆಯೊಡೆದಿದ್ದವು. ದೊಡ್ಡಮ್ಮನಿಗೆ ತುರ್ತಾಗಿ ಕಾಗದ ಬೇಕಿತ್ತು. ಗೂಟದಲ್ಲಿ ಒಳ್ಳೆಯ ದಪ್ಪ ಕಾಗದ ನೇತಾಡುತ್ತಿತ್ತು. ಇನ್ನೇನು ಬೇಕು?

ದೊಡ್ಡಪ್ಪ ಹುಳದ ಮನೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಕಾಲಿಡುವ ಹಾಗಿಲ್ಲ. ಬೀಡಿ ಸೇದಿದವರು, ಕಾಲು ತೊಳೆಯದವರು ಹುಳದ ಮನೆಗೆ ಬರಬಾರದು ಎನ್ನುವುದು ದೊಡ್ಡಮ್ಮನ ಕಟ್ಟಪ್ಪಣೆ. ಊರಿಗೆಲ್ಲ ಆಜ್ಞೆ ಮಾಡುವ ಮನುಷ್ಯ ಹೊಸಲಿನ ಆಚೆಯಿಂದಲೇ ಕೂಗಿದರು.

"ಲೇ, ನನ್ ಕಾಗದ ಎಲ್ಲೇ?"

"ಹುಳದ ಕೆಳಗೈತೆ."

"ತೆಗ್ದು ಕೊಡು."

"ಆಗಲ್ಲ. ಮರಿ ಹುಳ ಬಿಟ್ಟಿದ್ದೀನಿ. ಈಗ ಕೈಯಾಗೆ ಎತ್ತಿದ್ರೆ ಸತ್ತೋಯ್ತವೆ."

"ಸೋಮವಾರದೊಳಗೆ ಗಾಜು ಹಾಕ್ಸಬೇಕು ಕಣೇ!"

"ಹುಳಕ್ಕೆ ಸೋಮವಾರ ಮಂಗಳವಾರ ಗೊತ್ತಾಯ್ತದಾ? ಎಲ್ಡನೇ ಜ್ವರ ಎದ್ಮೇಲೆ ದೊಡ್ಡ ತಟ್ಟೆಗೆ ಹಾಕ್ತೀನಿ. ಆಗ ತಗಳ್ಳಿ."

ಹುಳ ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರಕ್ಕೆ ಕೂತಿದೆ ಎನ್ನುತ್ತಾರೆ. ಆಗ ಯಾರೂ ಮುಟ್ಟುವಂತಿಲ್ಲ, ಗಟ್ಟಿಯಾಗಿ ಮಾತನಾಡುವಂತೆಯೂ ಇಲ್ಲ. ಹೀಗೆ ನಮ್ಮ ದೊಡ್ಡಪ್ಪನ ಕಾರು, ನನ್ನ ಓದು, ಗೌರಿಬಿದನೂರಿನ ಮದುವೆ ಎಲ್ಲವೂ ಒಂದು ತಟ್ಟೆ ಹುಳದ ಅಡಿಗೆ ಸಿಕ್ಕಿಕೊಂಡವು. ದೊಡ್ಡಪ್ಪನನ್ನು ತಡೆದು ನಿಲ್ಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ತಡೆದದ್ದು ಒಂದು ಅಕ್ಕಿಕಾಳಿನಷ್ಟೂ ಉದ್ದವಿಲ್ಲದ ಪ್ರಾಣಿ.

"ಇನ್ನೊಂದ್ಸಲ ಅಳತೆ ತಗಳ್ಳಿ ದೊಡ್ಡಪ್ಪ, ಕಾರು ಇಲ್ಲೇ ಐತಲ್ಲ" ಎಂದೆ ನಾನು. ಯಾರಿಗಾದರೂ ಹೊಳೆಯಬೇಕಾದ ಮಾತು.

"ಒಳ್ಳೇ ಗಳಿಗೇಲಿ ತಗಂಡಿರೋ ಅಳತೆ ಕಣಮ್ಮ ಅದು. ಒಂದ್ಸಲ ಆಗಿದ್ದು ಆಯ್ತು. ಮತ್ತೆ ತೆಗೆದ್ರೆ ಮೊದ್ಲಿಂದು ತಪ್ಪು ಅಂದಂಗಾಯ್ತದೆ."

"ಹಂಗಾದ್ರೆ ನಾನು ತಗೋತೀನಿ."

"ಹೆಣ್ಮಕ್ಳು ಕಾರಿನ ಅಳತೆ ತೆಗಿಯೋದಾ! ಒಳಗೋಗು."

ಒಳಗೆ ಹೋದೆ. ಗಣಿತದಲ್ಲಿ ಶಾಲೆಗೇ ಮೊದಲು ಬಂದವಳು, ಒಳಗೆ ಹೋಗಿ ಸೊಪ್ಪು ಹೆಚ್ಚಿದೆ. ನನ್ನ ಕಾಗದದ ಮೇಲಿದ್ದ ಹುಳಗಳಿಗೆ ನಾನೇ ಸೊಪ್ಪು ಹಾಕಿದೆ. ಬೇಗ ಬೇಗ ತಿನ್ನಿ, ಬೇಗ ಜ್ವರಕ್ಕೆ ಕೂರಿ, ಬೇಗ ಏಳಿ ಎಂದು ಅವುಗಳ ಹತ್ತಿರ ಬೇಡಿಕೊಂಡೆ. ನಗಬೇಡಿ. ಆ ಮನೆಯಲ್ಲಿ ನನ್ನ ಮಾತು ಕೇಳುವ ಸಾಧ್ಯತೆ ಇದ್ದದ್ದು ಅವುಗಳಿಗೆ ಮಾತ್ರ.

ಎರಡನೇ ಜ್ವರ ಎದ್ದ ಮೇಲೆ, ಹೇಳಿದ ಮಾತಿನಂತೆ, ದೊಡ್ಡಮ್ಮ ಕಾಗದ ಕೊಟ್ಟರು. ಅದರ ಮೇಲೆಲ್ಲ ಸೊಪ್ಪಿನ ಹಸಿರು ಕಲೆ, ಹುಳದ ಹಿಕ್ಕೆಯ ಪುಡಿ. ಬಿಚ್ಚಿ ಹಿಡಿದು ನೋಡಿದೆ. ತಟ್ಟೆ ದುಂಡಗಿತ್ತಲ್ಲ? ದೊಡ್ಡಮ್ಮ ಒಂದು ತುದಿಯನ್ನು ತಟ್ಟೆಯ ಅಂಚಿಗೆ ಸರಿಯಾಗಿ ದುಂಡಗೆ ಕತ್ತರಿಸಿಬಿಟ್ಟಿದ್ದರು. ಇನ್ನೊಂದು ತುದಿಯನ್ನು ಪುಣ್ಯಕ್ಕೆ ಮಡಚಿ ಬಿಟ್ಟಿದ್ದರು.

"ದೊಡ್ಡಪ್ಪ, ಇದರ ಮೂಲೆ..." ಎಂದೆ.

"ಸುಮ್ನಿರಮ್ಮ, ಹೊತ್ತಾಗ್ತದೆ" ಎಂದರು. ಕಾಗದವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು.

ಅದು ಮುಂದಿನ ವಾರದ ಶನಿವಾರ. ಸೋಮವಾರ ನಾನು ಚಿಕ್ಕಬಳ್ಳಾಪುರದಲ್ಲಿರಬೇಕು. ಚಿಂತಾಮಣಿಯಿಂದ ಗಾಜು ತರುವಾಗ ಇನ್ನೊಂದು ತುದಿ ಹಿಡಿಯಲು ಒಂದು ಆಳು ಬೇಕಿತ್ತು. ಆಳುಗಳೆಲ್ಲ ಸೊಪ್ಪು ಕೊಯ್ಯುವುದರಲ್ಲಿ ಇದ್ದರು, ಇದ್ದರೂ ದೊಡ್ಡಪ್ಪ ಆಳಿನ ಕೈಗೆ ಗಾಜು ಕೊಡುವವರಲ್ಲ. "ಸರೋಜ, ನೀನೇ ಬಾಮ್ಮ" ಎಂದರು. ಹೇಗೆ ಹೋದೆವು ಎಂದು ಕೇಳುತ್ತೀರಾ? ಬಸ್ಸಿನಲ್ಲಿ. ಶಿಡ್ಲಘಟ್ಟದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ. ನನ್ನನ್ನು ಬಸ್ಸಿನಲ್ಲಿ ಕಳಿಸಬಾರದು ಎನ್ನುವ ಕಾರಣಕ್ಕೆ ಬೇಕಾಗಿದ್ದ ಗಾಜನ್ನು ತರಲು ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ನಾನು ಇದನ್ನು ಮೆಲ್ಲಗೆ ಹೇಳಿಯೂ ಹೇಳಿದೆ.

"ಅದು ಬೇರೆ, ಇದು ಬೇರೆ" ಎಂದರು ದೊಡ್ಡಪ್ಪ. "ಇದು ಕಾರಿನ ಕೆಲಸದ ಮೇಲೆ ಹೋಗೋದು."

ಬಾಷಾ ಸಾಹೇಬರು ಕುರ್ಚಿ ಹಾಕಿಸಿ ಚಹಾ ತರಿಸಿದರು. ಕಾಗದವನ್ನು ಹಲಗೆಯ ಮೇಲೆ ಹರಡಿ, ಹಿಕ್ಕೆ ಒರೆಸಿ, ದುಂಡಗಿನ ತುದಿಯ ಮೇಲೆ ಬೆರಳು ಆಡಿಸಿದರು.

"ಗೌಡ್ರೆ, ಈ ಕಡೆ ಮೂಲೆ ಐತೆ. ಆ ಕಡೆ ದುಂಡಗೈತಲ್ಲಾ?"

ನಾನು ಬಾಯಿ ತೆರೆದೆ. ದೊಡ್ಡಪ್ಪ ನನಗಿಂತ ಮುಂಚೆ ತೆರೆದರು. ಅವರು ಆ ತುದಿಯನ್ನು ಆಗಲೇ ಮೊದಲ ಸಲ ನೋಡಿದ್ದು. ಅವರ ಮುಖದಲ್ಲಿ ಒಂದು ಕ್ಷಣ ಏನೋ ಹಾದುಹೋದದ್ದನ್ನು ನಾನು ಕಂಡೆ. ಆದರೆ ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಗೊತ್ತಿಲ್ಲ ಎನ್ನುವುದು ಹೇಗೆ?

"ಅದು ಇಂಗ್ಲೆಂಡಿನ ಕಾರು ಸಾಹೇಬ್ರೆ. ಅಲ್ಲೆಲ್ಲ ಹಂಗೇ ಮಾಡ್ತಾರೆ."

"ಒಂದು ಕಡೆ ಮಾತ್ರಾನಾ?"

"ಗಾಳಿ ಒಂದೇ ಕಡೆಯಿಂದ ತಾನೇ ಬರೋದು?"

ಸಾಹೇಬರು ಗಡ್ಡ ಕೆರೆದುಕೊಂಡರು. "ಕಾರು ತಂದಿದ್ರೆ ಕೂರಿಸಿ ನೋಡಬಹುದಿತ್ತು."

"ಗಾಜಿಲ್ದೆ ಕಾರು ಹೆಂಗೆ ತರಾಣ ಸಾಹೇಬ್ರೆ? ನೀವು ಕುಯ್ರಿ."

"ದೊಡ್ಡಪ್ಪ, ಅದು ದೊಡ್ಡಮ್ಮ ತಟ್ಟೆಗೆ..." ಎಂದೆ ನಾನು.

"ನೀನು ಚಹಾ ಕುಡಿಯಮ್ಮ."

ಕುಡಿದೆ. ವಜ್ರದ ಮೊನೆಯ ಕಡ್ಡಿ ಗಾಜಿನ ಮೇಲೆ ಕಿರ್ರೆಂದು ದುಂಡಗೆ ತಿರುಗುವುದನ್ನು ನೋಡುತ್ತಾ ಆ ಚಹಾ ಕುಡಿದೆ. ನನ್ನ ಟ್ರೈನಿಂಗು ಆ ಸದ್ದಿನಲ್ಲೇ ಮುಗಿದು ಹೋಯಿತು ಎನಿಸಿತು. ಕೋಪಕ್ಕೆ ಚಹಾದ ರುಚಿಯೂ ತಿಳಿಯಲಿಲ್ಲ.

ವಾಪಸು ಬರುವಾಗ ಗಾಜನ್ನು ಕಂಬಳಿಯಲ್ಲಿ ಸುತ್ತಿ ನಮ್ಮಿಬ್ಬರ ತೊಡೆಯ ಮೇಲೆ ಇಟ್ಟುಕೊಂಡು ಕೂತೆವು. ಬಸ್ಸು ಹತ್ತಿದವರೆಲ್ಲ ಇಣುಕಿ ನೋಡಿದರು. ಕೋಳಿ ಹಿಡಿದುಕೊಂಡು ಬಂದ ಒಬ್ಬಳು ಮುದುಕಿ, "ಏನಪ್ಪ ಇದು, ಹೆಣಾನಾ?" ಎಂದು ಗಾಬರಿಯಾದಳು.

"ಕಾರಿನ ಗಾಜು ಕಣಜ್ಜಿ."

"ಕಾರೆಲ್ಲಿ?"

"ಮನೇಲೈತೆ."

"ಕಾರಿದ್ದೂ ಬಸ್ಸಲ್ಲಿ ಬಂದ್ರಾ? ಪಾಪ" ಎಂದಳು ಮುದುಕಿ. ಅಲ್ಲಿಂದ ಶಿಡ್ಲಘಟ್ಟದವರೆಗೆ ದೊಡ್ಡಪ್ಪ ಕಿಟಕಿಯಾಚೆಯೇ ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಗಾಜನ್ನು ಕಾರಿಗೆ ಹಿಡಿದು ನೋಡಿದರು. ಒಂದು ಕಡೆ ಅಳತೆ ಕೂದಲೆಳೆಯಷ್ಟೂ ಹೆಚ್ಚು ಕಮ್ಮಿ ಇಲ್ಲದೆ ಕೂತಿತು. ಇನ್ನೊಂದು ಕಡೆ ಮೇಲೊಂದು ಕೆಳಗೊಂದು ಸಂದು. ಮೇಲಿನ ಸಂದಿನಲ್ಲಿ ಒಂದು ಕೋಳಿ ಆಗಲೇ ಕುತ್ತಿಗೆ ತೂರಿಸಿ ಪರೀಕ್ಷೆ ಮಾಡುತ್ತಿತ್ತು. ಜಗುಲಿಯ ಸಲಹೆಗಾರರು ಒಬ್ಬೊಬ್ಬರಾಗಿ ಎದ್ದು ಹೋದರು. ದೊಡ್ಡಪ್ಪ ಗಾಜನ್ನು ಗೋಡೆಗೆ ಒರಗಿಸಿ, ಯಾರನ್ನೂ ನೋಡದೆ ಹೇಳಿದರು.

"ಈ ವರ್ಷ ಬೇಡ ಬಿಡು. ಗೌರಿಬಿದನೂರಿಗೆ ಹೇಳಿ ಕಳಿಸ್ತೀನಿ."

ನನಗೆ ಅಳುವ ಶಕ್ತಿಯೂ ಇರಲಿಲ್ಲ. ಅಮ್ಮ ಬಾಗಿಲ ಹಿಂದೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆಗ ಹುಳದ ಮನೆಯಿಂದ ದೊಡ್ಡಮ್ಮ ಹೊರಗೆ ಬಂದರು. ಹುಳ ಇರುವ ದಿನಗಳಲ್ಲಿ ಅವರು ಹಗಲು ಹೊತ್ತು ಹೊರಗೆ ಬಂದವರೇ ಅಲ್ಲ. ಕೈಯೆಲ್ಲ ಸೊಪ್ಪಿನ ಹಸಿರು. ಗೋಡೆಗೆ ಒರಗಿದ್ದ ಗಾಜನ್ನು ನೋಡಿದರು, ಅದರ ದುಂಡು ತುದಿಯನ್ನು ನೋಡಿದರು, ತಮ್ಮ ಕತ್ತರಿಯ ಕೆಲಸ ಎನ್ನುವುದು ಅವರಿಗೆ ತಕ್ಷಣ ಗೊತ್ತಾಯಿತು. ಆದರೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಗಂಡನ ಕಡೆ ತಿರುಗಿ ಕೇಳಿದರು.

"ಇದು ಚಿಂತಾಮಣಿಯಿಂದ ಹೆಂಗೆ ಬಂತು?"

"ಹೆಂಗೆ ಅಂದ್ರೆ? ಬಸ್ಸಲ್ಲಿ."

"ಯಾರು ಹಿಡ್ಕೊಂಡಿದ್ರು?"

ದೊಡ್ಡಪ್ಪ ಕಾರಿನ ಮೇಲಿದ್ದ ಕೋಳಿಯನ್ನು ಓಡಿಸತೊಡಗಿದರು.

"ಗಾಜು ಬಸ್ಸಲ್ಲಿ ಬರಬಹುದು, ಗಾಜು ಹಿಡ್ಕೊಂಡು ಮಗೂನೂ ಬರಬಹುದು. ಟ್ರಂಕ್ ಹಿಡ್ಕೊಂಡು ಹೋಗಬಾರ್ದಾ?" ಎಂದರು ದೊಡ್ಡಮ್ಮ. "ನಾಳೆ ಮೊದಲ್ನೇ ಬಸ್ಸಿಗೆ ನಾನೇ ಹತ್ತಿಸ್ತೀನಿ. ಹುಳಕ್ಕೆ ಸೊಪ್ಪು ನೀವು ಹಾಕಿ. ಕಾಲು ತೊಳ್ಕೊಂಡು ಹೋಗಿ."

ಅಷ್ಟು ಹೇಳಿ ಮತ್ತೆ ಹುಳದ ಮನೆಗೆ ಹೋದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ಗಂಡನಿಗೆ ಎದುರು ಹೇಳಿದ್ದು ಹುಳದ ವಿಷಯದಲ್ಲಿ ಬಿಟ್ಟರೆ ಅದೊಂದೇ ಸಲ ಎಂದು ಅಮ್ಮ ಆಮೇಲೆ ಹೇಳುತ್ತಿದ್ದಳು.

ಸೋಮವಾರ ಬೆಳಿಗ್ಗೆ ದೊಡ್ಡಮ್ಮ ನನ್ನನ್ನು ಬಸ್ಸು ಹತ್ತಿಸಿದರು. ಟ್ರಂಕು ಮೇಲೆ, ನಾನು ಕಿಟಕಿಯ ಪಕ್ಕ. ದೊಡ್ಡಪ್ಪ ಬಸ್ಸಿನ ಹತ್ತಿರ ಬರಲಿಲ್ಲ. ಕಾರಿನ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತು, ಇಲ್ಲದ ಧೂಳನ್ನು ಬಟ್ಟೆಯಿಂದ ಒರೆಸುತ್ತಿದ್ದರು. ಹುಳಕ್ಕೆ ಸೊಪ್ಪು ಹಾಕಿ ಬಂದಿದ್ದರೆಂದು ಅವರ ಪಂಚೆಗೆ ಅಂಟಿದ್ದ ಎಲೆಯಿಂದ ಗೊತ್ತಾಗುತ್ತಿತ್ತು. ನಾನೂ ನೋಡಬಾರದು ಎಂದುಕೊಂಡೆ. ನನ್ನ ಕೋಪ ಇನ್ನೂ ಹಾಗೇ ಇತ್ತು, ಈಗಲೂ ಸ್ವಲ್ಪ ಇದೆ. ಬಸ್ಸು ಹೊರಟಿತು. ಕಾರಿನ ಮುಂದೆ ಹಾದು ಹೋಗುವಾಗ ದೊಡ್ಡಪ್ಪ, ಗಾಜಿಲ್ಲದ ಜಾಗದಿಂದಲೇ ಕೈ ಒಳಗೆ ತೂರಿಸಿ, ಹಾರನ್ ಒತ್ತಿದರು. ಬಸ್ಸು ಕೆರೆ ಏರಿ ದಾಟುವವರೆಗೂ ಒತ್ತಿಯೇ ಇದ್ದರು.

ಆ ಕಾರಿಗೆ ಆಮೇಲೆ ಗಾಜು ಬರಲೇ ಇಲ್ಲ. ಕೋಳಿಗಳು ಅದನ್ನು ಪೂರ್ತಿ ವಹಿಸಿಕೊಂಡವು. ನಾನು ಟ್ರೈನಿಂಗು ಮುಗಿಸಿದೆ. ಮೊದಲ ಕೆಲಸ ಸಿಕ್ಕಿದ್ದು, ನಂಬಿದರೆ ನಂಬಿ, ಗೌರಿಬಿದನೂರಿನಲ್ಲಿ. ಬೆಲ್ಲದ ಮಂಡಿಯ ಹುಡುಗ ಅಷ್ಟರಲ್ಲಿ ಬೇರೆ ಮದುವೆಯಾಗಿದ್ದ. ಮುಂದೆ ಮಗಳನ್ನು ಶಾಲೆಗೆ ಸೇರಿಸಲು ನನ್ನ ಹತ್ತಿರವೇ ಬಂದ. ಮೆತ್ತಗಿನ ಮನುಷ್ಯ, ಸೈಕಲ್ಲಿನಲ್ಲಿ ಬಂದಿದ್ದ.

ನಾನು ಅಲ್ಲಿ ಒಂದು ಕೋಣೆ ಮಾಡಿಕೊಂಡ ಸ್ವಲ್ಪ ದಿನಕ್ಕೆ, ಒಂದು ಭಾನುವಾರ ಮಧ್ಯಾಹ್ನ ಹೊರಗೆ ಯಾರೋ ಗಟ್ಟಿಯಾಗಿ ಆಜ್ಞೆ ಮಾಡುತ್ತಿರುವುದು ಕೇಳಿಸಿತು. ಬಂದು ನೋಡಿದರೆ ದೊಡ್ಡಪ್ಪ. ಬಸ್ಸಿನಲ್ಲಿ ಬಂದಿದ್ದರು. ಬಸ್ಸಿನ ಮೇಲಿನಿಂದ ಇಳಿಸಿದ ಒಂದು ಮೇಜನ್ನು ಕೂಲಿಯವನೊಬ್ಬ ತಲೆಯ ಮೇಲೆ ಹೊತ್ತಿದ್ದ. ದೊಡ್ಡಪ್ಪನ ಕೈಯಲ್ಲಿ ಅದೇ ಕಂಬಳಿ, ಕಂಬಳಿಯೊಳಗೆ ಅದೇ ಗಾಜು. ದಿಬ್ಬೂರಹಳ್ಳಿಯಿಂದ ಗೌರಿಬಿದನೂರಿನವರೆಗೆ, ಎರಡು ಕಡೆ ಬಸ್ಸು ಬದಲಿಸಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು.

"ಟೀಚರಮ್ಮಂಗೆ ಮೇಜು ಬೇಕಲ್ಲ" ಎಂದರು.

ಮೇಜನ್ನು ನೋಡಿದೆ. ಒಂದು ತುದಿ ನೆಟ್ಟಗೆ, ಇನ್ನೊಂದು ತುದಿ ದುಂಡಗೆ. ಊರಿನ ಬಡಗಿಯನ್ನು ಎದುರಿಗೆ ಕೂರಿಸಿಕೊಂಡು, ಗಾಜನ್ನು ಹಲಗೆಯ ಮೇಲಿಟ್ಟು ಗೀಟು ಎಳೆಸಿ, ಮೇಜನ್ನೇ ಆ ಗಾಜಿಗೆ ತಕ್ಕ ಹಾಗೆ ಮಾಡಿಸಿದ್ದರು. ನಾನು ಏನಾದರೂ ಹೇಳಬಹುದು ಎಂದು ಒಂದು ಗಳಿಗೆ ನನ್ನ ಮುಖ ನೋಡಿದರು. ಕಂಬಳಿ ಬಿಚ್ಚಿ, ಗಾಜನ್ನು ಎರಡೂ ಕೈಯಿಂದ ಎತ್ತಿ ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ಎಲ್ಲೂ ಒಂದಿಷ್ಟೂ ಸಂದಿಲ್ಲದೆ ಕೂತಿತು. ದೊಡ್ಡಪ್ಪ ಆ ದುಂಡು ತುದಿಯ ಸುತ್ತ ಅಂಗೈ ಆಡಿಸಿ, ಹಿಂದಕ್ಕೆ ಸರಿದು ನಿಂತು, ನನ್ನ ಕಡೆ ತಿರುಗಿದರು.

"ನೋಡ್ದೇನಮ್ಮ?" ಎಂದರು. "ಅಳತೆ ಸರಿಯಾಗೇ ಇತ್ತು."